ಹಳೆಯ ಬಾಗಿಲಿನ ಬಣ್ಣ ಕೆರೆಯುವ ಮುನ್ನ

ವಿಜಯನಗರದಲ್ಲಿ ನಮ್ಮ ದಾದಾ ಕಟ್ಟಿಸಿದ ಮನೆಯ ಮುಂಬಾಗಿಲು ತೇಗದ ಮರದ್ದು. ಹೊರಗಡೆ ಹಸಿರು ಬಣ್ಣ, ಒಳಗಡೆ ಕಂದು ಪಾಲಿಶ್. ಕೆಳಗಿನ ಒಂದು ಗೇಣು ಮಾತ್ರ ಮಳೆನೀರು ಬಡಿದು ಕಪ್ಪಾಗಿತ್ತು. ದಸರಾ ರಜೆಯಲ್ಲಿ ಅದನ್ನು ಹೊಸದು ಮಾಡುತ್ತೇನೆಂದು ಹೊರಟ ನಾನು, ಅಂಗಡಿಯಿಂದ ಉಪ್ಪುಕಾಗದ ತಂದು ಉಜ್ಜಲು ಶುರುಮಾಡಿಯೇಬಿಟ್ಟೆ. ಅರ್ಧ ಗಂಟೆಯಲ್ಲಿ ವರಾಂಡದ ತುಂಬ ಹಸಿರು ಪುಡಿ. ಆಪಾಳ 11 ತಿಂಗಳ ಮಗ ಅಂಬೆಗಾಲಿಡುತ್ತ ಬಂದು ಅದರಲ್ಲಿ ಅಂಗೈ ಊರಿ, ಅದೇ ಕೈಯನ್ನು ಬಾಯಿಗಿಟ್ಟ.

ಅಷ್ಟರಲ್ಲಿ ದಾದಾ ಕರೆಸಿದ್ದ ಪಾಲಿಶ್ ಕೆಲಸದ ಚಾಚಾ ಬಂದರು. ಮೊದಲು ಮಗುವನ್ನು ಎತ್ತಿ ಆಪಾಳಿಗೆ ಕೊಟ್ಟು ಕೈಬಾಯಿ ತೊಳೆಸಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇದರ ಮೇಲೆ ಏನು ಬಳಿದಿದ್ದಾರೆ ಅಂತ ನೋಡಿದೆಯಾ ಬೇಟಾ?" ಎಂದು ಕೇಳಿದರು. ನಾನು ನೋಡಿರಲಿಲ್ಲ.

ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಹಳದಿ, ಹಸಿರು ಬಣ್ಣಗಳಿಗೆ ಸೀಸದ ಕ್ರೋಮೇಟ್ ಹಾಕುತ್ತಿದ್ದರು. ಬೇಗ ಒಣಗಲೆಂದೂ ಸೀಸದ ಲವಣಗಳನ್ನು ಬೆರೆಸುತ್ತಿದ್ದರು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಂದು. ಅದಕ್ಕಿಂತ ಹಳೆಯದಾದ ಯಾವ ಬಾಗಿಲನ್ನೂ ಸಂಶಯದಿಂದಲೇ ನೋಡಬೇಕು. ಸೀಸ ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಬೆಂಗಳೂರಿನವರೇ ಈ ವಿಷಯದಲ್ಲಿ ದೊಡ್ಡ ಕೆಲಸ ಮಾಡಿದ್ದಾರೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನ ಕಲಿಸಿದ ತುಪ್ಪಿಲ್ ವೆಂಕಟೇಶ್ ಅವರ ಹೆಸರನ್ನು ನಮ್ಮ ವಿಜ್ಞಾನ ವಿದ್ಯಾರ್ಥಿಗಳು ತಿಳಿದಿರಬೇಕು. 1999ರ ಫೆಬ್ರವರಿಯಲ್ಲಿ ಸೀಸದ ವಿಷವನ್ನು ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಈ ಊರಿನಲ್ಲೇ.

ಆಪಾ ಮಗುವಿನ ರಕ್ತ ಪರೀಕ್ಷೆ ಮಾಡಿಸಿದಳು. ವರದಿ ಬರುವವರೆಗೆ ನಾನು ಬಾಗಿಲನ್ನು ಮುಟ್ಟಲಿಲ್ಲ, ಅವಳ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಇದ್ದರೆ ಸೀಸದ ಮೂಲ ಹುಡುಕಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ವರದಿಯಲ್ಲಿ ಅದಕ್ಕಿಂತ ಕಡಿಮೆ ಇತ್ತು.

ಆಮೇಲೆ ಚಾಚಾ ಕೆಲಸ ಕಲಿಸಿದರು. ಬಾಗಿಲನ್ನು ಕಳಚಿ ಮಹಡಿಯ ಮೇಲೆ, ಪ್ಲಾಸ್ಟಿಕ್ ಹಾಳೆ ಹಾಸಿ ಮಲಗಿಸಿದೆವು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಳಬದಿಯ ಮೂಲೆಯೊಂದರಲ್ಲಿ ಉಜ್ಜಿದರು. ಹತ್ತಿ ಕಂದಾಯಿತು. "ಇದು ಅರಗು," ಎಂದರು. ಹೊರಬದಿಯ ಹಸಿರನ್ನು ಹಾಗೆಯೇ ಉಜ್ಜಿದಾಗ ಏನೂ ಬರಲಿಲ್ಲ. ಥಿನ್ನರ್‌ಗೂ ಅದು ಜಗ್ಗಲಿಲ್ಲ.

ಕಾರಣ ನಮ್ಮ ಪಠ್ಯದಲ್ಲೇ ಇದೆ. ಅರಗಿನ ಅಣುಗಳಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿವೆ, ಆಲ್ಕೋಹಾಲಿನಲ್ಲೂ ಇವೆ; ಹೀಗಾಗಿ ಒಂದು ಇನ್ನೊಂದರಲ್ಲಿ ಕರಗುತ್ತದೆ. ಅರಗಿನ ಪಾಲಿಶ್ ಒಣಗುವುದೆಂದರೆ ಸ್ಪಿರಿಟ್ ಹಾರಿಹೋಗುವುದು, ಅಷ್ಟೇ. ಮತ್ತೆ ಸ್ಪಿರಿಟ್ ಕೊಟ್ಟರೆ ಮತ್ತೆ ಕರಗುತ್ತದೆ. ಎನಾಮಲ್ ಬಣ್ಣದ ಕಥೆ ಬೇರೆ. ಅದರಲ್ಲಿರುವ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಅಣುಗಳು ಅಡ್ಡಡ್ಡ ಹೆಣೆದುಕೊಂಡು ಬಲೆಯಾಗುತ್ತವೆ. ಬಲೆ ಕರಗುವುದಿಲ್ಲ, ಉಬ್ಬುತ್ತದೆ. ರಿಮೂವರ್ ಹಚ್ಚಿದಾಗ ಬಣ್ಣ ಸುಕ್ಕುಗಟ್ಟಿ ಏಳುವುದು ಅದಕ್ಕೇ. ಕೆಲವು ರಿಮೂವರ್‌ಗಳಲ್ಲಿ ಡೈಕ್ಲೋರೋಮೀಥೇನ್ ಇರುತ್ತದೆ. ಅದು 40 ಡಿಗ್ರಿಗೇ ಕುದಿಯುವ ದ್ರವ, ಅದರ ಆವಿ ದೇಹದೊಳಗೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ತೆರೆಯಲೇಬಾರದು. ನಾವು ಬಯಲಿನಲ್ಲಿ, ಕೈಗವಸು ತೊಟ್ಟು, ಉಬ್ಬಿದ ಬಣ್ಣವನ್ನು ಸ್ಕ್ರೇಪರ್‌ನಿಂದ ಎತ್ತಿ ಚೀಲಕ್ಕೆ ತುಂಬಿದೆವು. ಉಳಿದದ್ದನ್ನು ನೀರು ಚಿಮುಕಿಸಿ ಒದ್ದೆಯಲ್ಲೇ ಉಜ್ಜಿದೆವು; ಪುಡಿ ಹಾರಲಿಲ್ಲ. ಬರಿಯ ಮರ ಕಂಡು ಒಣಗಿದ ಮೇಲಷ್ಟೇ 120, ಆಮೇಲೆ 220 ನಂಬರಿನ ಕಾಗದ, ಯಾವಾಗಲೂ ಎಳೆಯ ಉದ್ದಕ್ಕೆ.

ಕೆಳಗಿನ ಕಪ್ಪು ಕಲೆ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ಮರದ ಟ್ಯಾನಿನ್, ಮೊಳೆಯ ಕಬ್ಬಿಣ, ಮಳೆಯ ನೀರು ಮೂರೂ ಸೇರಿದರೆ ಆಗುವುದು ಶಾಯಿ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಕ್ರಿಯೆಯಿಂದ. ಅಂದರೆ ನಮ್ಮ ಬಾಗಿಲು ತನ್ನ ಮೇಲೆ ತಾನೇ ಶಾಯಿ ಚೆಲ್ಲಿಕೊಂಡಿತ್ತು. ಅದಕ್ಕೆ ಮದ್ದು ಆಕ್ಸಾಲಿಕ್ ಆಮ್ಲ. ಪ್ರಯೋಗಾಲಯದಲ್ಲಿ ನಾವು ಪೊಟ್ಯಾಷಿಯಂ ಪರ್ಮಾಂಗನೇಟ್ ಜೊತೆ ಟೈಟ್ರೇಷನ್ ಮಾಡುತ್ತೇವಲ್ಲ, ಅದೇ. ಕಬ್ಬಿಣವನ್ನು ಅದು ಕರಗುವ ಆಕ್ಸಲೇಟ್ ಮಾಡಿ ಎಳೆಯೊಳಗಿಂದ ಬಿಡಿಸುತ್ತದೆ. ಒಂದು ಲೀಟರ್ ಬಿಸಿನೀರಿಗೆ ಸುಮಾರು 100 ಗ್ರಾಂ ಹಾಕಿ ಬ್ರಷ್‌ನಿಂದ ಹಚ್ಚಿದೆವು. ನೋಡುನೋಡುತ್ತ ಕಪ್ಪು ಬೂದಾಯಿತು, ಬೂದು ಮರದ ಬಣ್ಣಕ್ಕೆ ಬಂತು. ಅದು ವಿಷ, ಆದ್ದರಿಂದ ಮೂರು ಸಲ ನೀರಿನಿಂದ ತೊಳೆದು ಎರಡು ದಿನ ಒಣಗಿಸಿದೆವು. ತೊಳೆಯದೆ ಉಜ್ಜಿದರೆ ಆ ಪುಡಿ ಮೂಗಿಗೆ ಹೋಗುತ್ತದೆ.

ಒಳಬದಿಗೆ ಮತ್ತೆ ಅರಗನ್ನೇ ಹಚ್ಚಿದೆವು: ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಅರಗಿನ ಚಕ್ಕೆ, ಹತ್ತಿ ಉಂಡೆಗೆ ಹಳೆಯ ಬಿಳಿ ಬಟ್ಟೆ ಸುತ್ತಿ ತೆಳುವಾಗಿ ಹಲವು ಸಲ. ಮುತ್ತುಗ, ಬೋರೆ ಮರಗಳ ಮೇಲೆ ಬದುಕುವ ಸಣ್ಣ ಕೀಟ ಕೊಡುವ ವಸ್ತು ಇದು. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಸಾಗಿದರೆ ಸಿಗುವ ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಅಲ್ಲಿ ಸ್ಪಿರಿಟ್ ಬೇಡ, ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಬಿಸಿಗೇ ಕರಗಿ ಅಂಟುತ್ತದೆ.

ಅರಗು ನೀರು ಬಿದ್ದರೆ ಬೆಳ್ಳಗಾಗುತ್ತದೆ, ಮಳೆಗೆ ಬಾಳುವುದಿಲ್ಲ. ಹೀಗಾಗಿ ಹೊರಬದಿಗೆ ಅಗಸೆ ಎಣ್ಣೆ ಹಚ್ಚಿ ಅದರ ಮೇಲೆ ವಾರ್ನಿಷ್ ಕೊಟ್ಟೆವು. ಎಣ್ಣೆ ಒರೆಸಿದ ಬಟ್ಟೆಯನ್ನು ನಾನು ಮುದುಡಿ ಮೂಲೆಗೆ ಎಸೆಯಲು ಹೋದೆ. ಚಾಚಾ ಕಸಿದು ತಂತಿಯ ಮೇಲೆ ಹರವಿದರು. ಎಣ್ಣೆ ಗಾಳಿಯೊಂದಿಗೆ ಸೇರುವಾಗ ಶಾಖ ಹುಟ್ಟುತ್ತದೆ, ಮುದ್ದೆಯಲ್ಲಿ ಅದು ಹೊರಹೋಗಲಾರದೆ ತಾನಾಗಿಯೇ ಬೆಂಕಿ ಹತ್ತಬಹುದು.

ಬಾಗಿಲು ಈಗ ಮತ್ತೆ ಚೌಕಟ್ಟಿನಲ್ಲಿದೆ. ಚಿಲಕದ ಕೆಳಗಿನ ಒಂದು ಮೊಳೆಯ ಸುತ್ತ ಕಪ್ಪು ಉಳಿದಿದೆ. ಮೊಳೆ ಕೀಳದೆ ಅದು ಹೋಗುವುದಿಲ್ಲ, ಕೀಳಲು ದಾದಾ ಬಿಡಲಿಲ್ಲ.