ಸ್ಪಾಗಳಿಗೆ ಊರಿನ ಎಣ್ಣೆ, ತುಪ್ಪ, ಪುಡಿ: ಕಿರು ಉದ್ಯಮ ಕಟ್ಟುವುದು ಹೀಗೆ

ಮೇ ತಿಂಗಳು ಬಂತೆಂದರೆ ಮಲೆನಾಡು, ಕರಾವಳಿಯ ಅಂಗಳಗಳಲ್ಲಿ ಮುರುಗಲ ಬೀಜ ಒಣಗುತ್ತಿರುತ್ತದೆ. ಸಿಪ್ಪೆ ಸಾರಿಗೂ ಪಾನಕಕ್ಕೂ ಹೋಯಿತು. ಉಳಿದ ಬೀಜವನ್ನು ಒಡೆದು, ತಿರುಳು ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಸೌಟಿನಲ್ಲಿ ಅದನ್ನು ತೆಗೆದು ಆರಲು ಬಿಟ್ಟರೆ ಬೆಳ್ಳಗೆ ಗಟ್ಟಿಯಾಗುತ್ತದೆ. ನನ್ನಮ್ಮ ಅದನ್ನು ಮೊಟ್ಟೆಯಾಕಾರದ ಉಂಡೆ ಕಟ್ಟಿ ಡಬ್ಬಿಯಲ್ಲಿ ಇಡುತ್ತಿದ್ದರು. ಮಳೆಗಾಲದಲ್ಲಿ ಗದ್ದೆಯಿಂದ ಬಂದವರ ಒಡೆದ ಹಿಮ್ಮಡಿಗೆ ದೀಪದ ಬಿಸಿಯಲ್ಲಿ ಕರಗಿಸಿ ಹಚ್ಚುತ್ತಿದ್ದರು. ಅದೇ ಮುರುಗಲ ತುಪ್ಪ ಇಂದು 'ಕೋಕಂ ಬಟರ್' ಎಂಬ ಹೆಸರಿನಲ್ಲಿ ಸ್ಪಾಗಳ ಕ್ರೀಮು, ಬಾಮುಗಳಲ್ಲಿದೆ.

ಕೊಡಗು, ಚಿಕ್ಕಮಗಳೂರು, ಗೋಕರ್ಣ, ಮೈಸೂರುಗಳ ರೆಸಾರ್ಟುಗಳಲ್ಲಿ ಸ್ಪಾಗಳಿವೆ. ಅವುಗಳ ಸುತ್ತಲೇ ತೆಂಗು, ಸೀಗೆ, ಅಂಟುವಾಳ, ಲಾವಂಚ, ಅರಿಶಿನ, ಮುರುಗಲು ಬೆಳೆಯುತ್ತವೆ. ಊರಿನ ಕಚ್ಚಾವಸ್ತುವನ್ನು ಊರಿನಲ್ಲೇ ಸರಕಾಗಿಸುವ ದಾರಿ ನಮಗೆ ಹೊಸದೂ ಅಲ್ಲ. ಮೊದಲ ಮಹಾಯುದ್ಧದಿಂದಾಗಿ ಶ್ರೀಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆಯಿತು, 1918ರ ಹೊತ್ತಿಗೆ ಬೆಂಗಳೂರಿನಲ್ಲಿ ಸಾಬೂನು ತಯಾರಿಸತೊಡಗಿತು.

ನಾಲ್ಕಾರು ಹೆಂಗಸರು ಸೇರಿ ಮಾಡುವ ಘಟಕಕ್ಕೂ ಈ ದಾರಿ ಸಾಧ್ಯ. ಆದರೆ ಬಾಗಿಲಿಗೆ ಹೋದಾಗ ಸ್ಪಾದವರು ಕೇಳುವ ಮೊದಲ ಪ್ರಶ್ನೆ ಇದು: 'ಮುಂದಿನ ತಿಂಗಳೂ ಇದೇ ಬರುತ್ತದಾ?' ಅದೇ ಬಣ್ಣ, ಅದೇ ವಾಸನೆ, ಅದೇ ಹದ. ಈ ಪ್ರಶ್ನೆಗೆ ಹೌದೆನ್ನಲು ಏನೇನು ಮಾಡಬೇಕು? ಹಂತ ಹಂತವಾಗಿ ನೋಡೋಣ.

ಹಂತ 1: ಮಾಡುವ ಮೊದಲು ಕೇಳಿ

ಸುತ್ತಲಿನ ನಾಲ್ಕೈದು ಸ್ಪಾಗಳಿಗೆ ಬರಿಗೈಯಲ್ಲೇ ಹೋಗಿ. ಮ್ಯಾನೇಜರ್ ಜತೆಗೆ ಮಸಾಜು ಮಾಡುವ ಥೆರಪಿಸ್ಟ್‌ಗಳನ್ನೂ ಮಾತಾಡಿಸಿ. ಇಡೀ ದಿನ ಎಣ್ಣೆಯಲ್ಲಿ ಕೈಯಾಡಿಸುವವರು ಅವರು, ಅದರ ಗುಣ-ದೋಷ ಅವರಿಗೆ ಗೊತ್ತು.

ಮನೆಯಲ್ಲಿ ಹೊಳೆಯದ ಸಂಗತಿಗಳು ಅಲ್ಲಿ ತಿಳಿಯುತ್ತವೆ. ಅರಿಶಿನ ಹಾಕಿದ ಸ್ನಾನದ ಪುಡಿ ನಮಗೆ ಶ್ರೇಷ್ಠ, ಆದರೆ ಸ್ಪಾದ ಬಿಳಿ ಟವೆಲಿಗೆ ಹಳದಿ ಕಲೆ ಹಿಡಿದರೆ ಹೋಗದು. ಬೇಕೇ ಬೇಕೆಂದರೆ ಕಲೆ ಕಡಿಮೆ ಬಿಡುವ ಕಸ್ತೂರಿ ಅರಿಶಿನ ಬಳಸಬಹುದು. ಕಾಫಿ ಪುಡಿಯ ಸ್ಕ್ರಬ್ ತರಿತರಿಯಾಗಿದ್ದರೆ ಬಚ್ಚಲಿನ ಪೈಪು ಕಟ್ಟಿಕೊಳ್ಳುತ್ತದೆ. ನಮ್ಮ ಘಟಕದಿಂದ ಒಂದು ಡಿಸೆಂಬರಿನಲ್ಲಿ ಘಟ್ಟದ ಮೇಲಿನ ರೆಸಾರ್ಟಿಗೆ ಹೋದ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಪಂಪು ಒತ್ತಿದರೂ ಬಾರದೆ ವಾಪಸಾಯಿತು. ಕೊಬ್ಬರಿ ಎಣ್ಣೆ 24–25 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟುತ್ತದೆ. ಅದನ್ನು ಮೊದಲೇ ಯೋಚಿಸದಿದ್ದದ್ದು ನಮ್ಮ ತಪ್ಪು. ಚಳಿಯ ಊರಿಗೆ ಈಗ ಎಳ್ಳೆಣ್ಣೆ ಆಧಾರದ ಮಿಶ್ರಣ ಕಳಿಸುತ್ತೇವೆ.

ಬೇಡಿಕೆಯ ಲೆಕ್ಕವನ್ನೂ ಅಲ್ಲೇ ಹಾಕಿ. ಒಬ್ಬರ ಮಸಾಜಿಗೆ 60 ಮಿ.ಲೀ. ಎಣ್ಣೆ, ದಿನಕ್ಕೆ 8 ಜನ ಎಂದಿಟ್ಟುಕೊಂಡರೆ ದಿನಕ್ಕೆ 480 ಮಿ.ಲೀ., ತಿಂಗಳಿಗೆ ಸುಮಾರು 14.5 ಲೀಟರ್. ಇಂಥ ಎರಡು ಸ್ಪಾ ಹಿಡಿದರೆ ತಿಂಗಳಿಗೆ 29 ಲೀಟರ್. ಅಷ್ಟನ್ನು ತಪ್ಪದೆ ಕೊಡಲು ಆಗುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಹಂತ 2: ನೀರಿಲ್ಲದ ಸರಕಿನಿಂದ ಆರಂಭಿಸಿ

ಲೋಷನ್, ಫೇಸ್‌ಪ್ಯಾಕಿನ ಪೇಸ್ಟ್, ಅಲೋವೆರಾ ಜೆಲ್ ಎಲ್ಲದರಲ್ಲೂ ನೀರಿದೆ. ನೀರಿದ್ದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಅವನ್ನು ತಡೆಯಲು ಸಂರಕ್ಷಕ ಬೇಕು, ಅದನ್ನು ಅಳೆದು ಹಾಕುವ ತಿಳಿವಳಿಕೆಯೂ ಬೇಕು. ಹೊಸಬರಿಗೆ ಮೂರೇ ಸಾಕು: ಮಸಾಜಿನ ಎಣ್ಣೆ, ಕಾಲಿನ ಬಾಮು, ಸ್ನಾನದ ಪುಡಿ. ಮತ್ತಿ ಸೊಪ್ಪು, ದಾಸವಾಳ ಸೊಪ್ಪಿನ ಲೋಳೆ ತಲೆಸ್ನಾನಕ್ಕೆ ಎಷ್ಟೇ ಒಳ್ಳೆಯದಾದರೂ ಅಂದೇ ಕಿವುಚಿ ಅಂದೇ ಬಳಸುವಂಥದ್ದು, ಬಾಟಲಿಗೆ ತುಂಬುವುದು ಬೇಡ.

ಹಂತ 3: ಕಚ್ಚಾವಸ್ತು ಗಟ್ಟಿ ಮಾಡಿಕೊಳ್ಳಿ

ಬ್ಯಾಚ್‌ನಿಂದ ಬ್ಯಾಚಿಗೆ ಸರಕು ಬದಲಾಗುವ ದೊಡ್ಡ ಕಾರಣ ಒಣಗಿಸುವುದರಲ್ಲಿದೆ. ಮುರುಗಲ ಕೊಯ್ಲು ಮುಗಿಯುವ ಹೊತ್ತಿಗೆ ಮಳೆ ಹಿಡಿಯುತ್ತದೆ. ಬೀಜ ಒದ್ದೆಯಾದರೆ ಬೂಷ್ಟು. ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಹೊಗೆ ವಾಸನೆ, ಅದು ತುಪ್ಪಕ್ಕೂ ಇಳಿಯುತ್ತದೆ. ಸೋಲಾರ್ ಡ್ರೈಯರ್ ಇದ್ದರೆ ಈ ಎರಡೂ ತೊಂದರೆ ತಪ್ಪುತ್ತವೆ. ಬೆಳೆಗಾರರಿಗೆ ಹೇಳಿ, ಬೀಜ ತೊಳೆದು ಚೆನ್ನಾಗಿ ಒಣಗಿಸಿ ತಂದವರಿಗೆ ಕೆ.ಜಿ.ಗೆ ನಾಲ್ಕು ರೂಪಾಯಿ ಹೆಚ್ಚೇ ಕೊಡಿ.

ಅರಿಶಿನವನ್ನು ಕೊಂಬಾಗಿಯೇ ಕೊಂಡು ನೀವೇ ಪುಡಿ ಮಾಡಿಸಿ. ಬಣ್ಣಕ್ಕಾಗಿ ಪುಡಿಗೆ ಸೀಸದ ಕ್ರೋಮೇಟ್ ಬೆರೆಸುವ ಕೆಟ್ಟ ಚಾಳಿ ಇದೆ. ಸೀಗೆ, ಅಂಟುವಾಳ, ಮುರುಗಲುಗಳನ್ನು ಸ್ವಂತ ತೋಟದವರಿಂದ ಇಲ್ಲವೇ ಸಂಗ್ರಹಣೆಗೆ ಅನುಮತಿ ಇರುವವರಿಂದ ಮಾತ್ರ, ರಸೀದಿ ಪಡೆದು ಕೊಳ್ಳಿ. ಕಾಡಿನ ಮೂಲದ ವಸ್ತುವನ್ನು ವ್ಯಾಪಾರಕ್ಕೆ ಬಳಸುವಾಗ 2002ರ ಜೀವವೈವಿಧ್ಯ ಕಾಯ್ದೆಯೂ ಅನ್ವಯಿಸಬಹುದು, ರಾಜ್ಯ ಜೀವವೈವಿಧ್ಯ ಮಂಡಳಿಯಲ್ಲಿ ಮೊದಲೇ ವಿಚಾರಿಸಿ. ಮರದಲ್ಲಿ ಒಂದಷ್ಟು ಹಣ್ಣನ್ನು ಹಕ್ಕಿಗೂ ಮುಂದಿನ ಸಸಿಗೂ ಬಿಟ್ಟು ಕೊಯ್ಯುವಂತೆ ಹೇಳುವುದನ್ನು ಮರೆಯಬೇಡಿ. ಮರ ಉಳಿದರೆ ಉದ್ಯಮ ಉಳಿದೀತು.

ಹಂತ 4: ತೂಕ, ಶಾಖ, ಪುಸ್ತಕ

ಕಾಲಿನ ಬಾಮನ್ನೇ ಉದಾಹರಣೆಗೆ ನೋಡಿ. ಮುರುಗಲ ತುಪ್ಪ 40 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಗಟ್ಟಿ ಕೊಬ್ಬು. ಅದೊಂದನ್ನೇ ಹಚ್ಚಲು ಹೋದರೆ ಚರ್ಮದ ಮೇಲೆ ಸಲೀಸಾಗಿ ಹರಡದು, ಎಣ್ಣೆ ಸೇರಿಸಬೇಕು. ಒಂದು ಕೆ.ಜಿ.ಗೆ ನಮ್ಮ ಅಳತೆ: ಕೊಬ್ಬರಿ ಎಣ್ಣೆ 550 ಗ್ರಾಂ, ಮುರುಗಲ ತುಪ್ಪ 350 ಗ್ರಾಂ, ಜೇನುಮೇಣ 100 ಗ್ರಾಂ.

* ತುಪ್ಪವನ್ನು ಮೊದಲು ಸಣ್ಣ ಉರಿಯಲ್ಲಿ ಚಿಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ. ಸದ್ದು ಬರುತ್ತಿದೆ ಎಂದರೆ ಇನ್ನೂ ನೀರಿದೆ ಎಂದರ್ಥ. ಬಳಿಕ ದಪ್ಪ ಬಟ್ಟೆಯಲ್ಲಿ ಸೋಸಿ.
* ಮೂರನ್ನೂ ಸ್ಟೀಲ್ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಕುದಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. 70–75 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲದೆ ಈ ಕೆಲಸ ಬೇಡ.
* ಇಳಿಸಿ, 50 ಡಿಗ್ರಿಗೆ ಆರಿದ ಮೇಲೆ ವಿಟಮಿನ್ ಇ ಎಣ್ಣೆ 5 ಗ್ರಾಂ ಸೇರಿಸಿ. ಎಣ್ಣೆ ಬೇಗ ಕಮಟುವುದನ್ನು ಅದು ತಡೆಯುತ್ತದೆ. ಪರಿಮಳ ಬೇಕಿದ್ದರೆ ಲಾವಂಚದ ಎಣ್ಣೆ 10 ಗ್ರಾಂ ಮೀರದಂತೆ ಹಾಕಿ.
* ಒಣಗಿದ ಡಬ್ಬಿಗಳಿಗೆ ಸುರಿದು, ಡಬ್ಬಿಗಳನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಬೇಗ ಆರಿಸಿ. ನಿಧಾನವಾಗಿ ಆರಿದರೆ ಮುರುಗಲ ತುಪ್ಪ ಮರಳು ಮರಳಾಗುತ್ತದೆ.

ಸ್ನಾನದ ಪುಡಿಗೆ ವಸ್ತ್ರಗಾಳ ಮಾಡುವ ಹಳೆಯ ಪದ್ಧತಿಯೇ ಸರಿ. ತೆಳುವಾದ ಬಟ್ಟೆಯಲ್ಲಿ ಹಾಯದ ತರಿ ಚರ್ಮವನ್ನು ಗೀರುತ್ತದೆ. ಕಡಲೆಹಿಟ್ಟು, ಹೆಸರುಹಿಟ್ಟು ಸೇರಿದ ಪುಡಿಗೆ ಹುಳು ಬೀಳುವುದು ಬೇಗ. ಸಣ್ಣ ಪ್ಯಾಕೆಟ್ ಮಾಡಿ, ಗಾಳಿಯಾಡದಂತೆ ಮುಚ್ಚಿ, ಒಣ ಚಮಚವನ್ನೇ ಬಳಸುವಂತೆ ಸ್ಪಾದವರಿಗೆ ಹೇಳಿ.

ಪ್ರತಿ ಬ್ಯಾಚಿಗೂ ಪುಸ್ತಕದಲ್ಲಿ ಒಂದು ಪುಟ ಮೀಸಲಿಡಿ. ದಿನಾಂಕ, ಯಾರ ತೋಟದ ಬೀಜ, ಪ್ರತಿಯೊಂದರ ಗ್ರಾಂ ಲೆಕ್ಕ, ಎಷ್ಟು ಡಿಗ್ರಿ, ಮಾಡಿದವರು ಯಾರು, ಡಬ್ಬಿಗಳು ಹೋದದ್ದು ಎಲ್ಲಿಗೆ, ಎಲ್ಲವೂ ಅದರಲ್ಲಿರಲಿ. 'ಒಂದು ಮುಷ್ಟಿ', 'ಒಂದಿಷ್ಟು' ಎಂಬುದು ಅಡುಗೆಮನೆಗೆ ಸರಿ, ಇಲ್ಲಿ ಸಲ್ಲದು. ಪ್ರತಿ ಬ್ಯಾಚಿನ ಒಂದು ಡಬ್ಬಿಯನ್ನು ಮಾರದೆ ಕಪಾಟಿನಲ್ಲಿಡಿ. ದೂರು ಬಂದ ದಿನ ಅದನ್ನು ತೆರೆದು ನೋಡಿದರೆ ತಪ್ಪು ನಮ್ಮದೋ, ಇಟ್ಟ ಜಾಗದ್ದೋ ತಿಳಿಯುತ್ತದೆ.

ಹಂತ 5: ಚರ್ಮದ ಸುರಕ್ಷತೆ

ಗಿಡದಿಂದ ಬಂದದ್ದೆಲ್ಲ ಮೈಗೆ ಹಿತವೆಂದಲ್ಲ. ಸೀಗೆ, ಅಂಟುವಾಳ ಕಣ್ಣಿಗೆ ಬಿದ್ದರೆ ಉರಿಯುವುದು ಎಲ್ಲರಿಗೂ ಗೊತ್ತು. ಲವಂಗ, ದಾಲ್ಚಿನ್ನಿಯ ಸುಗಂಧ ತೈಲ ಚರ್ಮವನ್ನೇ ಸುಡಬಲ್ಲದು. ಹಿಂಡಿ ತೆಗೆದ ನಿಂಬೆ ಸಿಪ್ಪೆಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಕ್ಕೆ ಎದ್ದೀತು. ಮೈಗೆ ಹಚ್ಚುವ ಎಣ್ಣೆಯಲ್ಲಿ ಸುಗಂಧ ತೈಲ ಶೇ 1ರಿಂದ 2 ಮೀರದಿರಲಿ. ಸುಗಂಧವಿಲ್ಲದ ಒಂದು ಬಗೆಯನ್ನೂ ಇಟ್ಟುಕೊಳ್ಳಿ, ಗರ್ಭಿಣಿಯರಿಗೂ ಅಲರ್ಜಿ ಇರುವವರಿಗೂ ಸ್ಪಾದವರು ಅದನ್ನೇ ಕೇಳುತ್ತಾರೆ.

ಹೊಸ ಮಿಶ್ರಣವನ್ನು ಮೊದಲು ನಿಮ್ಮವರ ಮೊಣಕೈ ಒಳಭಾಗಕ್ಕೆ ಹಚ್ಚಿ 48 ಗಂಟೆ ಕಾದು ನೋಡಿ. ಬಳಿಕ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸಿ. ಸೂಕ್ಷ್ಮಾಣುಗಳ ಎಣಿಕೆ, ಸೀಸ, ಆರ್ಸೆನಿಕ್ ಇಷ್ಟನ್ನಾದರೂ ಪರೀಕ್ಷೆ ಮಾಡಿಸಬೇಕು. ಮುಲ್ತಾನಿ ಮಿಟ್ಟಿಯಂಥ ಮಣ್ಣು ಸೇರಿಸಿದರಂತೂ ಈ ಪರೀಕ್ಷೆ ತಪ್ಪಿಸಲೇಬಾರದು.

ಹಂತ 6: ಪರವಾನಗಿ

'ಮನೆಯಲ್ಲೇ ಮಾಡಿದ್ದಲ್ಲವೇ' ಎಂಬ ವಿನಾಯಿತಿ ಇಲ್ಲಿಲ್ಲ. ಮಾರಾಟಕ್ಕೆ ಸೌಂದರ್ಯವರ್ಧಕ ತಯಾರಿಸಲು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ರಾಜ್ಯದ ಔಷಧ ಆಡಳಿತದಿಂದ ಲೈಸೆನ್ಸ್ ಬೇಕು. ಅರ್ಜಿ ಸಿಒಎಸ್-5 ನಮೂನೆಯಲ್ಲಿ, ಸಿಗುವ ಲೈಸೆನ್ಸ್ ಸಿಒಎಸ್-8ರಲ್ಲಿ. ಒಮ್ಮೆ ಸಿಕ್ಕಿದ ಮೇಲೆ ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಉಳಿಸಿಕೊಳ್ಳಬಹುದು.

ತಯಾರಿಕೆ ಅರ್ಹರ ಉಸ್ತುವಾರಿಯಲ್ಲಿ ನಡೆಯಬೇಕು. ಫಾರ್ಮಸಿ ಡಿಪ್ಲೊಮಾ ಆದವರು ಅಥವಾ ರಸಾಯನಶಾಸ್ತ್ರ ಓದಿ ಪಿಯುಸಿ ಮಟ್ಟದ ಪರೀಕ್ಷೆ ಪಾಸಾದವರು ಆಗಬಹುದು. ಊರಿನಲ್ಲಿ ವಿಜ್ಞಾನ ಓದಿ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಇದೊಂದು ಒಳ್ಳೆಯ ಕೆಲಸ. ಪುಡಿಯ ವಿಭಾಗಕ್ಕೆ 15 ಚದರ ಮೀಟರ್, ಕ್ರೀಮು-ಎಣ್ಣೆಯ ವಿಭಾಗಕ್ಕೆ 25 ಚದರ ಮೀಟರ್ ಜಾಗ ಇರಲೆಂದು ನಿಯಮಗಳು ಸೂಚಿಸುತ್ತವೆ. ಅಷ್ಟು ಜಾಗ ಇಲ್ಲದಿದ್ದರೆ, ಲೈಸೆನ್ಸ್ ಇರುವ ಇನ್ನೊಂದು ಘಟಕದಲ್ಲಿ ತಯಾರಿಸಿಕೊಳ್ಳಲು 'ಲೋನ್ ಲೈಸೆನ್ಸ್' ಪಡೆಯಬಹುದು. ಸ್ವಸಹಾಯ ಸಂಘಗಳಿಗೆ ಇದು ಸುಲಭದ ಆರಂಭ.

'ಆಯುರ್ವೇದ' ಎಂದು ಬರೆಯುವುದಾದರೆ ಆಯುಷ್ ಇಲಾಖೆಯ ಲೈಸೆನ್ಸೇ ಬೇರೆ. 'ಮೊಡವೆ ವಾಸಿ', 'ಮಂಡಿನೋವು ಮಾಯ' ಎಂದು ಬರೆದರೆ ನಿಮ್ಮ ಬಾಮು ಕಾನೂನಿನ ಕಣ್ಣಿಗೆ ಔಷಧವಾಗುತ್ತದೆ. ಚರ್ಮ ಮೃದುವಾಗುತ್ತದೆ ಎಂಬಷ್ಟಕ್ಕೇ ನಿಲ್ಲಿಸಿ. ಲೈಸೆನ್ಸ್ ಕೈಗೆ ಬರುವವರೆಗೆ ನಿಮ್ಮ ಸರಕು ಅತಿಥಿಗಳ ಮೈಗೆ ಹೋಗಕೂಡದು, ಮಾದರಿಯ ನೆಪದಲ್ಲೂ.

ಹಂತ 7: ಲೇಬಲ್‌ನಲ್ಲಿ ಇರಬೇಕಾದದ್ದು

* ಉತ್ಪನ್ನದ ಹೆಸರು, ತಯಾರಕರ ಹೆಸರು, ತಯಾರಾದ ಜಾಗದ ವಿಳಾಸ
* ನಿವ್ವಳ ತೂಕ ಅಥವಾ ಪ್ರಮಾಣ
* ಬ್ಯಾಚ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ
* ತಯಾರಾದ ತಿಂಗಳು-ವರ್ಷ, ಯಾವ ತಿಂಗಳ ಒಳಗೆ ಬಳಸಬೇಕು ಎಂಬುದು
* ಪದಾರ್ಥಗಳ ಪಟ್ಟಿ: ಶೇ 1ಕ್ಕಿಂತ ಹೆಚ್ಚಿರುವವು ಪ್ರಮಾಣದ ಇಳಿಕೆಯ ಕ್ರಮದಲ್ಲಿ, ಉಳಿದವು ಅವುಗಳ ನಂತರ
* ಬೇಕಾದಲ್ಲಿ ಎಚ್ಚರಿಕೆ: 'ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ'
* ಅಂಗಡಿಯಲ್ಲೂ ಮಾರುವುದಾದರೆ ಎಂಆರ್‌ಪಿ, ಗ್ರಾಹಕರು ಸಂಪರ್ಕಿಸಬೇಕಾದ ವಿವರ

ಎಣ್ಣೆಗೈಯಲ್ಲಿ ಮುಟ್ಟಿದರೆ ಅಕ್ಷರ ಅಳಿಯಬಾರದು. ಮುದ್ರಣ ಮಾಡಿಸುವ ಮೊದಲು ಒಂದು ಲೇಬಲ್‌ಗೆ ಎಣ್ಣೆ ಸವರಿ ಉಜ್ಜಿ ನೋಡಿ.

ಹಂತ 8: ಬೆಲೆ, ಬಂಡವಾಳ, ಬಾಕಿ

ಬೆಲೆ ಕಟ್ಟುವಾಗ ಕಚ್ಚಾವಸ್ತುವಿನ ಜತೆಗೆ ಸೋಸುವಾಗ ಹೋದದ್ದು, ಕೂಲಿ, ಬಾಟಲಿ, ಪರೀಕ್ಷೆಯ ಖರ್ಚು, ಸಾಗಾಟ ಎಲ್ಲವನ್ನೂ ಸೇರಿಸಿ. ಮನೆಯವರ ದುಡಿಮೆಗೂ ಕೂಲಿ ಹಾಕಿ. ಅದನ್ನು ಬಿಟ್ಟು ಕಡಿಮೆ ಬೆಲೆ ಹೇಳಿದ ಘಟಕಗಳು ವರ್ಷ ತುಂಬುವುದರೊಳಗೆ ದಣಿಯುತ್ತವೆ. ಸ್ಪಾಗಳಿಗೆ ಚಂದದ ಸಣ್ಣ ಬಾಟಲಿಗಿಂತ 1 ಅಥವಾ 5 ಲೀಟರಿನ ಕ್ಯಾನು ಹೆಚ್ಚು ಉಪಯೋಗ. ಖಾಲಿ ಕ್ಯಾನು ವಾಪಸು ತಂದು ತೊಳೆದು, ಪೂರ್ತಿ ಒಣಗಿಸಿ ತುಂಬಿಕೊಡುವ ವ್ಯವಸ್ಥೆ ಮಾಡಿಕೊಂಡರೆ ಖರ್ಚೂ ಪ್ಲಾಸ್ಟಿಕ್ಕೂ ಎರಡೂ ತಗ್ಗುತ್ತವೆ.

ಸಣ್ಣ ಉದ್ದಿಮೆಗಳ 'ಉದ್ಯಮ್' ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಮೊದಲು ಅದನ್ನು ಮಾಡಿಸಿ. ಸಾಲಕ್ಕೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ಇದೆ. ಗ್ರಾಮೀಣ ಭಾಗದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗದವರಿಗೆ ಶೇ 35 ಸಹಾಯಧನ ಸಿಗುತ್ತದೆ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಮತ್ತು ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಉದ್ಯಮ ನಡೆಸುವ ತರಬೇತಿ ಕೊಡುತ್ತವೆ. ಸುಗಂಧ ಸಸ್ಯಗಳ ಕೃಷಿ, ಭಟ್ಟಿ ಇಳಿಸುವ ತಾಂತ್ರಿಕತೆಗೆ ಬೆಂಗಳೂರಿನ ಸಿಮ್ಯಾಪ್ ಸಂಶೋಧನಾ ಕೇಂದ್ರವನ್ನು ವಿಚಾರಿಸಿ.

ಸರಕು ಕಳಿಸುವ ಮೊದಲು ಲಿಖಿತ ಆರ್ಡರ್ ಪಡೆಯಿರಿ. ಸಣ್ಣ ಉದ್ದಿಮೆಗಳ 2006ರ ಕಾಯ್ದೆಯಂತೆ, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರಿ ಹಣ ಬಾಕಿ ಇಡುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೇಳುವ ಹಕ್ಕು ನಿಮಗಿದೆ. ಉದ್ಯಮ್ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿದರೆ ಕೊಳ್ಳುವವರಿಗೂ ಈ ನಿಯಮ ನೆನಪಿರುತ್ತದೆ.

ಕೊನೆಯದಾಗಿ

ಮುರುಗಲ ತುಪ್ಪದ ಉಂಡೆ ಅಮ್ಮನ ಕೈಯಿಂದ ಮನೆಯವರ ಕಾಲಿಗೆ ಹೋಗುತ್ತಿತ್ತು. ಯಾರ ಕಾಲು, ಎಷ್ಟು ಒಡೆದಿದೆ ಎಂಬುದು ಆಕೆಗೆ ಗೊತ್ತಿತ್ತು. ಸ್ಪಾದಲ್ಲಿ ನಿಮ್ಮ ಎಣ್ಣೆ ಹಚ್ಚಿಸಿಕೊಳ್ಳುವವರ ಮುಖವನ್ನು ನೀವು ನೋಡುವುದಿಲ್ಲ. ಅವರು ಕಣ್ಣು ಮುಚ್ಚಿ ಮಲಗಿರುತ್ತಾರೆ, ಯಾರೋ ಎಲ್ಲವನ್ನೂ ಸರಿಯಾಗಿ ಅಳೆದಿದ್ದಾರೆ ಎಂದು ನಂಬಿರುತ್ತಾರೆ. ಆ ನಂಬಿಕೆಯನ್ನು ಉಳಿಸುವುದು ನಿಮ್ಮ ಬ್ಯಾಚ್ ಪುಸ್ತಕ. ಯಂತ್ರ, ಬಾಟಲಿ ಕೊಳ್ಳುವ ಮೊದಲು 200 ಪುಟದ ಒಂದು ಪುಸ್ತಕ ತನ್ನಿ. ನಿಮ್ಮ ಅಡುಗೆಮನೆಯಲ್ಲಿ ಈ ವಾರ ಮಾಡುವ ಪ್ರಯೋಗವನ್ನೇ 'ಬ್ಯಾಚ್ 1' ಎಂದು ಮೊದಲ ಪುಟದಲ್ಲಿ ಬರೆಯಿರಿ, ಗ್ರಾಂ ಲೆಕ್ಕದಲ್ಲಿ.