ಸಿಂಕಿಗೆ ಸುರಿದದ್ದರ ಲೆಕ್ಕ

ಬಿಎಸ್ಸಿಯ ಸಾವಯವ ರಸಾಯನಶಾಸ್ತ್ರದಲ್ಲಿ ಹಸಿರು ರಸಾಯನಶಾಸ್ತ್ರ ಬರುವುದು ಸಾಮಾನ್ಯವಾಗಿ ಕೊನೆಯ ಘಟಕದಲ್ಲಿ. ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಪುಸ್ತಕರೂಪದಲ್ಲಿ ಮುಂದಿಟ್ಟ ಹನ್ನೆರಡು ತತ್ವಗಳನ್ನು ಮಕ್ಕಳು ಸೆಮಿಸ್ಟರಿನ ಕೊನೆಯ ಗಡಿಬಿಡಿಯಲ್ಲಿ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು. ಇದನ್ನು ಬಹಳ ವರ್ಷ ಕಲಿಸಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು, ಈ ಪಾಠ ನಡೆಯಬೇಕಾದದ್ದು ಲ್ಯಾಬಿನಲ್ಲಿ, ತಕ್ಕಡಿಯ ಪಕ್ಕದಲ್ಲಿ.

ಅಸಿಟನಿಲೈಡಿನ ಬ್ರೋಮಿನೇಷನ್ನನ್ನೇ ನೋಡಿ. ಹಳೆಯ ಕ್ರಮದಲ್ಲಿ ಅಸಿಟಿಕ್ ಆಮ್ಲದಲ್ಲಿ ಬೆರೆಸಿದ ಬ್ರೋಮಿನನ್ನು ಹನಿಹನಿಯಾಗಿ ಹಾಕಬೇಕು. ಅದರ ಕೆಂಗಂದು ಹೊಗೆ ಕಣ್ಣು ಗಂಟಲುಗಳನ್ನು ಸುಡುತ್ತದೆ, ದ್ರವ ಚರ್ಮಕ್ಕೆ ತಾಗಿದರೆ ಗಾಯ. ಫ್ಯೂಮ್ ಹುಡ್ ಇದ್ದರೂ ಅದರ ಫ್ಯಾನ್ ತಿರುಗದ ಕಾಲೇಜುಗಳನ್ನು ನಾನು ಕಂಡಿದ್ದೇನೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರತಂದ ಹಸಿರು ಪ್ರಯೋಗಗಳ ಕೈಪಿಡಿಯಲ್ಲಿ ಇದಕ್ಕೆ ಬದಲಿ ಇದೆ: ಪೊಟ್ಯಾಸಿಯಂ ಬ್ರೋಮೈಡ್ ಮತ್ತು ಸೆರಿಕ್ ಅಮೋನಿಯಂ ನೈಟ್ರೇಟ್, ನೀರು ಬೆರೆತ ಎಥನಾಲಿನಲ್ಲಿ, ಬಿಸಿ ಮಾಡದೆ. ಬ್ರೋಮಿನ್ ಬಾಟಲಿ ತೆರೆಯುವ ಪ್ರಮೇಯವೇ ಇಲ್ಲ. ಹರಳು ಬೆಳ್ಳಗೆ ಬೀಳುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಪಾಠ ಅರ್ಧ. ಎರಡೂ ವಿಧಾನಗಳಿಗೆ ಆಟಂ ಎಕಾನಮಿ ಲೆಕ್ಕ ಹಾಕಿಸುತ್ತೇನೆ, ಅಂದರೆ ಹಾಕಿದ ಪದಾರ್ಥಗಳ ತೂಕದಲ್ಲಿ ಎಷ್ಟು ಪಾಲು ಬೇಕಾದ ಉತ್ಪನ್ನದೊಳಗೆ ಸೇರಿತು ಎಂಬ ಲೆಕ್ಕ. ಬ್ಯಾರಿ ಟ್ರೋಸ್ಟ್ 1991ರಲ್ಲಿ ಕೊಟ್ಟ ಅಳತೆ ಇದು. ಬ್ರೋಮಿನ್ ವಿಧಾನದಲ್ಲಿ ಅಸಿಟನಿಲೈಡಿನ 135 ಮತ್ತು ಬ್ರೋಮಿನಿನ 160 ಸೇರಿ 295, ಉತ್ಪನ್ನ 214, ಸುಮಾರು 73 ಶೇಕಡಾ. ಹೊಸ ವಿಧಾನದಲ್ಲಿ ಒಂದು ಮೋಲ್ ಉತ್ಪನ್ನಕ್ಕೆ ಸೆರಿಕ್ ಲವಣ ಎರಡು ಮೋಲ್ ಬೇಕು, ಒಂದೊಂದರ ತೂಕ 548. ಅಸಿಟನಿಲೈಡ್, ಪೊಟ್ಯಾಸಿಯಂ ಬ್ರೋಮೈಡ್ ಸೇರಿ ಒಟ್ಟು 1350ರಲ್ಲಿ 214. ಬರೀ 16 ಶೇಕಡಾ.

“ಮೇಡಂ, ಹಾಗಾದ್ರೆ ಹಳೇದೇ ಹಸಿರಲ್ವಾ?” ಎಂದು ಹಿಂದಿನ ಟೇಬಲ್ಲಿನಿಂದ ಯಾರಾದರೂ ಕೇಳುತ್ತಾರೆ. ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿರುತ್ತೇನೆ. ಉತ್ತರ ಕೊಡುವುದಿಲ್ಲ, ಬ್ರೋಮಿನ್ ಬಾಟಲಿ ತೋರಿಸಿ ಇದು ಎಲ್ಲಿಂದ ಬಂತು ಎಂದು ಕೇಳುತ್ತೇನೆ. ಕಛ್‌ನ ರಣ್ ಪ್ರದೇಶದಂಥ ಕಡೆ ಉಪ್ಪು ತೆಗೆದ ಮೇಲೆ ಉಳಿಯುವ ನೀರಿನ ಬ್ರೋಮೈಡಿಗೆ ಕ್ಲೋರಿನ್ ಹಾಯಿಸಿ ಬ್ರೋಮಿನ್ ತೆಗೆಯುತ್ತಾರೆ. ಆ ಖರ್ಚು, ಆ ಅಪಾಯ ನಮ್ಮ 73ರಲ್ಲಿ ಸೇರಿಲ್ಲ. ಸೆರಿಯಂ ಲವಣದ ಹಿಂದೆ ಗಣಿ ಇದೆ, ಅದೂ 16ರಲ್ಲಿ ಸೇರಿಲ್ಲ. ವಿಷದ ಮಟ್ಟವನ್ನಂತೂ ಎರಡೂ ಅಂಕಿಗಳು ಹೇಳುವುದಿಲ್ಲ. ಆಮೇಲೆ ಮಕ್ಕಳು ತಾವೇ ವಾದಕ್ಕಿಳಿಯುತ್ತಾರೆ. ಮೂವತ್ತು ಜನ ಒಟ್ಟಿಗೆ ನಿಲ್ಲುವ ಲ್ಯಾಬಿಗೆ ಸೆರಿಕ್ ವಿಧಾನವೇ ಸರಿ ಎನ್ನುವುದು ನನ್ನ ಪಕ್ಷ. ಕಾರ್ಖಾನೆಯ ಮಾತು ಬಂದರೆ ನಾನು ಹಾಗೆ ಹೇಳಲಾರೆ.

ಬೆನ್ಜಾಲ್ಡಿಹೈಡಿನಿಂದ ಬೆನ್ಜೋಯಿನ್ ಮಾಡುವ ಪ್ರಯೋಗದಲ್ಲಿ ಇಂಥ ಇಬ್ಬಂದಿ ಇಲ್ಲ. ಹಳೆಯ ವಿಧಾನದಲ್ಲಿ ವೇಗವರ್ಧಕವಾಗಿ ಸೈನೈಡ್ ಇದ್ದ ಜಾಗಕ್ಕೆ ಥಯಾಮಿನ್, ಅಂದರೆ ಬಿ1 ಜೀವಸತ್ವ. ಅದು ನಮ್ಮ ಮೈಯೊಳಗೂ ಇದೇ ಬಗೆಯಲ್ಲಿ ಕೆಲಸ ಮಾಡುತ್ತದೆಂದು ರೊನಾಲ್ಡ್ ಬ್ರೆಸ್ಲೋ 1958ರಲ್ಲಿ ವಿವರಿಸಿದ್ದನ್ನು ಹೇಳಿದಾಗ ಮಕ್ಕಳ ಮುಖ ಅರಳುತ್ತದೆ. ಆದರೆ ಇದಕ್ಕೆ ತಾಳ್ಮೆ ಬೇಕು. ಥಯಾಮಿನ್ ದ್ರಾವಣವನ್ನು ಐಸಿನಲ್ಲಿಟ್ಟು ಕ್ಷಾರವನ್ನು ನಿಧಾನ ಸೇರಿಸಬೇಕು. ದ್ರಾವಣ ಹಳದಿಗೆ ತಿರುಗುತ್ತದೆ. ಅವಸರದಲ್ಲಿ ಕಾಯಿಸಿದರೆ ಥಯಾಮಿನ್ ಕೆಡುತ್ತದೆ. ಬಹಳ ದಿನ ತೆರೆದಿಟ್ಟ ಬೆನ್ಜಾಲ್ಡಿಹೈಡಿನಲ್ಲಿ ಬೆನ್ಜೋಯಿಕ್ ಆಮ್ಲ ಸೇರಿರುತ್ತದೆ, ಅದರಿಂದ ಹರಳೇ ಬರದು. ಎಲ್ಲ ಸರಿಯಾದರೂ ಒಳ್ಳೆಯ ಹರಳಿಗೆ ಮರುದಿನದವರೆಗೆ ಕಾಯಬೇಕು, ಮೂರು ಗಂಟೆಯ ಪ್ರಾಕ್ಟಿಕಲ್ ಸಾಲದು. ಟೈಮ್‌ಟೇಬಲ್ ಮಾಡುವವರ ಹತ್ತಿರ ಮೊದಲೇ ಮಾತಾಡಿಕೊಳ್ಳದೆ ಈ ಪ್ರಯೋಗಕ್ಕೆ ಕೈಹಾಕಬೇಡಿ ಎಂದು ಹೊಸ ಉಪನ್ಯಾಸಕರಿಗೆ ಹೇಳುತ್ತೇನೆ.

ಇಬುಪ್ರೊಫೆನ್ ಔಷಧದ ತಯಾರಿಕೆಯ ಕಥೆ, ಆಟಂ ಎಕಾನಮಿ 40ರಿಂದ 77 ಶೇಕಡಾಗೆ ಏರಿದ್ದು, ಎಲ್ಲ ಪಠ್ಯಗಳಲ್ಲೂ ಇದೆ. ನಾನು ಹೆಚ್ಚು ಹೊತ್ತು ನಿಲ್ಲುವುದು ರೋಜರ್ ಶೆಲ್ಡನ್‌ರ ಇ-ಫ್ಯಾಕ್ಟರ್ ಮೇಲೆ: ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ ಎಂಬ ಅಳತೆ. ಔಷಧ ತಯಾರಿಕೆಗೆ ಅವರು ಕೊಟ್ಟ ಅಂಕಿ 25ರಿಂದ 100, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಮ್ಮ ಮಕ್ಕಳಲ್ಲಿ ಅನೇಕರು ನಾಳೆ ಪೀಣ್ಯದಲ್ಲೋ ಜಿಗಣಿಯಲ್ಲೋ ಔಷಧ ಕಂಪನಿಗಳಿಗೆ ಕೆಲಸಕ್ಕೆ ಹೋಗುವವರು. ಅದಕ್ಕೇ ಅವರ ಕೈಯಿಂದಲೇ ತೊಳೆದ ನೀರು, ಸೋಸಿದ ದ್ರಾವಕ, ಒದ್ದೆ ಫಿಲ್ಟರ್ ಪೇಪರ್ ಎಲ್ಲವನ್ನೂ ತೂಗಿಸುತ್ತೇನೆ. ಒಂದೆರಡು ಗ್ರಾಂ ಹರಳಿನ ಎದುರಿಗೆ ಅರ್ಧ ಬಕೆಟ್ ತ್ಯಾಜ್ಯ ಕಂಡವರಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅಂಕ ಸಿಗುವುದು ಈಲ್ಡಿಗೆ, ಹರಳಿನ ಅಂದಕ್ಕೆ, ದ್ರವನಬಿಂದುವಿಗೆ. ಪಠ್ಯಕ್ರಮ ಸಮಿತಿಗಳಲ್ಲಿ ಕೂರುವ ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಒಂದೇ: ರೆಕಾರ್ಡ್ ಪುಸ್ತಕದಲ್ಲಿ ಈಲ್ಡಿನ ಕೆಳಗೆ ‘ತ್ಯಾಜ್ಯ ಎಷ್ಟು, ಎಲ್ಲಿಗೆ ಹೋಯಿತು’ ಎಂಬ ಒಂದು ಸಾಲು ಸೇರಿಸಿ, ಅದಕ್ಕೆ ಎರಡು ಅಂಕ ಇಡಿ.