ಬಾಸ್ ಬೇಕೇ? ಮೊದಲು ಕಳೆ ಹುಡುಕಿ

ಅಮೆರಿಕದ ಮಿನ್ನೆಸೋಟಕ್ಕೆ ‘ಹತ್ತು ಸಾವಿರ ಸರೋವರಗಳ ನಾಡು’ ಎಂದು ಹೆಸರು. ಲೆಕ್ಕ ಹಾಕಿದರೆ ಹತ್ತು ಎಕರೆಗಿಂತ ದೊಡ್ಡವೇ 11,842 ಇವೆ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಗಾಳದ ಹುಚ್ಚು ಹಿಡಿಸಲು ಲಾರ್ಜ್‌ಮೌತ್ ಬಾಸ್ ಒಂದೇ ಸಾಕು. ದೋಣಿ ಇಲ್ಲದೆ ದಡದಿಂದಲೂ ಸಿಗುವ ಮೀನಿದು. ಆದರೂ ಹೊಸಬರು ಬರಿಗೈಲಿ ಮರಳುತ್ತಾರೆ, ಏಕೆಂದರೆ ಶಕ್ತಿಯಿದ್ದಷ್ಟೂ ದೂರಕ್ಕೆ, ನಡುನೀರಿಗೆ ಬೀಸುತ್ತಾರೆ. ಬಾಸ್ ಇರುವುದು ಕಳೆಯ ನೆರಳಲ್ಲಿ, ಎಷ್ಟೋ ಸಲ ನಿಮ್ಮ ಕಾಲಬುಡದಲ್ಲೇ.

ಮೊದಲ ಕೆಲಸ ಲೈಸೆನ್ಸ್. 16 ವರ್ಷ ತುಂಬಿದವರಿಗೆ ಅದು ಬೇಕು, ಆನ್‌ಲೈನಿನಲ್ಲೇ ಸಿಗುತ್ತದೆ. ಯಾವಾಗ ಹಿಡಿದು ಇಟ್ಟುಕೊಳ್ಳಬಹುದು, ಯಾವಾಗ ಬಿಟ್ಟುಬಿಡಬೇಕು ಎಂಬ ನಿಯಮ ಬದಲಾಗುತ್ತಿರುತ್ತದೆ. ನೈಸರ್ಗಿಕ ಸಂಪನ್ಮೂಲ ಇಲಾಖೆಯ ಆ ವರ್ಷದ ಪುಸ್ತಿಕೆ ನೋಡಿಕೊಳ್ಳಿ.

ಎರಡನೆಯದು ನೀರಿನ ಬಿಸಿ. ಮೇ ಕೊನೆಯ ಹೊತ್ತಿಗೆ ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಬಾಸ್ ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ಗಂಡು ಬಾಲದಿಂದ ತಳ ಗುಡಿಸಿ ಗೂಡು ಮಾಡಿ ಕಾವಲು ಕೂರುತ್ತದೆ. ಅದನ್ನು ಎತ್ತಿದ ಕ್ಷಣಕ್ಕೆ ಬ್ಲೂಗಿಲ್ ಮೀನುಗಳು ಮೊಟ್ಟೆಗೆ ನುಗ್ಗುತ್ತವೆ. ಗೂಡು ಕಂಡರೆ ಪಕ್ಕಕ್ಕೆ ಸರಿಯುವುದೇ ಮರ್ಯಾದೆ. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಕಳೆಯ ಹೊರ ಅಂಚು, ತಾವರೆ ಎಲೆಗಳ ಸಂದು, ಜೊಂಡಿನ ಮೂಲೆ, ಖಾಸಗಿ ದೋಣಿಕಟ್ಟೆಗಳ ನೆರಳು, ಇವಿಷ್ಟನ್ನೇ ಹುಡುಕಿದರೆ ಸಾಕು. ಮಿನ್ನಿಯಾಪೊಲಿಸ್ ಪಕ್ಕದ ಮಿನ್ನೆಟೊಂಕ ಸರೋವರದ ಕೊಲ್ಲಿಗಳಲ್ಲಿ ಈ ನಾಲ್ಕೂ ಇವೆ.

ಏಳು ಅಡಿಯ, ಸ್ವಲ್ಪ ಗಡುಸಾದ ಕೋಲು ಕೊಳ್ಳಿ. ಗಾಳಕ್ಕೆ ಪ್ಲಾಸ್ಟಿಕ್ ಎರೆಹುಳು. ಕಟ್ಟುವ ಬಗೆ ಇಲ್ಲಿದೆ: ದಾರಕ್ಕೆ ಮೊದಲು ಗುಂಡಿನಾಕಾರದ ತೂಕ ಪೋಣಿಸಿ, ಆಮೇಲೆ ಕೊಕ್ಕೆ ಕಟ್ಟಿ. ಕೊಕ್ಕೆಯ ಮೊನೆಯನ್ನು ಹುಳುವಿನ ತಲೆಗೆ ಕಾಲಿಂಚು ಚುಚ್ಚಿ ಪಕ್ಕದಿಂದ ಹೊರತೆಗೆಯಿರಿ. ಹುಳುವನ್ನು ಕೊಕ್ಕೆಯ ಮೇಲ್ತುದಿಯವರೆಗೆ ಎಳೆದು, ಕೊಕ್ಕೆಯನ್ನು ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಮೈಯೊಳಗೆ ಹುದುಗಿಸಿ. ಹುಳು ನೆಟ್ಟಗಿರಬೇಕು, ಮಡಚಿಕೊಂಡರೆ ನೀರಲ್ಲಿ ಗಿರಗಿರ ತಿರುಗುತ್ತದೆ. ಮೊನೆ ಒಳಗಿರುವುದರಿಂದ ಕಳೆಗೆ ಸಿಕ್ಕಿಕೊಳ್ಳುವುದು ಕಡಿಮೆ. ತೂಕ ಸೀಸದ್ದು ಬೇಡ, ಟಂಗ್‌ಸ್ಟನ್ ಇರಲಿ. ಉದುರಿದ ಸೀಸ ನುಂಗಿ ಅಲ್ಲಿನ ರಾಜ್ಯಪಕ್ಷಿ ಲೂನ್ ಸಾಯುತ್ತದೆ.

ಬೀಸಿದ ಮೇಲೆ ತಳ ಮುಟ್ಟಲು ಬಿಡಿ. ಕೋಲಿನ ತುದಿಯನ್ನು ಒಂದಡಿ ಎತ್ತಿ, ಇಳಿಸಿ, ಸಡಿಲವಾದ ದಾರ ಸುತ್ತಿಕೊಳ್ಳಿ. ಹೆಚ್ಚಿನ ಹೊಡೆತ ಬೀಳುವುದು ಹುಳು ಇಳಿಯುವಾಗ. ಟಕ್ಕೆಂದು ತಟ್ಟಿದಂತಾಯಿತೋ, ದಾರ ಪಕ್ಕಕ್ಕೆ ಸರಿಯಿತೋ, ಸಡಿಲು ತೆಗೆದು ಬಲವಾಗಿ ಎಳೆಯಿರಿ. ತಾವರೆ ಎಲೆಯ ಮೇಲಾದರೆ ಪೊಳ್ಳು ರಬ್ಬರ್ ಕಪ್ಪೆ. ಊರಲ್ಲಿ ಕೊರವ ಮೀನಿಗೆ ಕಪ್ಪೆ ಎಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೀರು ಸಿಡಿದ ಕೂಡಲೇ ಎಳೆದರೆ ಬಾಯಿಂದ ಜಾರುತ್ತದೆ, ಕಪ್ಪೆಯ ಭಾರ ಕೈಗೆ ತಿಳಿಯುವವರೆಗೆ ತಡೆದುಕೊಳ್ಳಿ. ಇಲ್ಲಿ 50 ಪೌಂಡಿನ ಹೆಣೆದ ದಾರವೇ ಬೇಕು. ತಣ್ಣನೆ ಗಾಳಿ ಬೀಸಿ ಆಕಾಶ ತಿಳಿಯಾದ ಮರುದಿನ ಮೀನು ಕಳೆಯ ಒಳಗೆ ಮುದುಡಿಕೊಳ್ಳುತ್ತದೆ. ಆ ದಿನ ಸಣ್ಣ ಹುಳು ಹಾಕಿ, ನಿಧಾನ ಮಾಡಿ.

ಸಿಕ್ಕಿದ್ದು ಬಾಸ್ ಹೌದೇ? ಮೇಲ್ದವಡೆ ಕಣ್ಣನ್ನು ದಾಟಿರುತ್ತದೆ, ಮೈಯುದ್ದಕ್ಕೂ ಕಪ್ಪು ಪಟ್ಟೆ. ಕೈ ಒದ್ದೆ ಮಾಡಿಕೊಂಡು ಕೆಳದುಟಿಯನ್ನು ಹೆಬ್ಬೆರಳಲ್ಲಿ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆಗೆ ಆನಿಸಿ. ಬಾಯಿ ಉದ್ದ, ಹಲ್ಲು ಚೂಪು ಇದ್ದರೆ ಅದು ಪೈಕ್, ಬೆರಳು ಹತ್ತಿರ ಒಯ್ಯಬೇಡಿ.

ಸಾರಿಗೆ ಬ್ಲೂಗಿಲ್ ಸಾಕು, ರುಚಿಯೂ ಅದೇ ಹೆಚ್ಚು. ವರ್ಷದ ಮೂರನೇ ಒಂದು ಭಾಗ ಮಂಜು ಕಟ್ಟುವ ನೀರಲ್ಲಿ ಬಾಸ್ ನಿಧಾನ ಬೆಳೆಯುತ್ತದೆ. ದೊಡ್ಡದನ್ನು ಬಿಟ್ಟುಬಿಡಿ. ಹೊರಡುವ ಮುನ್ನ ದೋಣಿಗೆ ಅಂಟಿದ ಕಳೆ ಕಿತ್ತು, ತಳದ ಬಿರಡೆ ತೆಗೆದು, ನೀರೆಲ್ಲ ಬಸಿಯಿರಿ. ಜೀಬ್ರಾ ಮಸ್ಸೆಲ್ ಎಂಬ ಚಿಪ್ಪುಜೀವಿ ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವುದು ಹೀಗೇ. ಬಿರಡೆ ಹಾಕಿಕೊಂಡೇ ದೋಣಿಯನ್ನು ರಸ್ತೆಗೆ ತಂದರೆ ಮಿನ್ನೆಸೋಟದಲ್ಲಿ ದಂಡ ಬೀಳುತ್ತದೆ.